ಎರಡು ಎಂದವಳು

ನೋವನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವ ಪಟ್ಟಿಯೊಂದು ಬಂದರೆ ಹೆಂಗಸರು ಏನು ಮಾಡುತ್ತಾರೆ? ಅದನ್ನು ಕಂಡುಹಿಡಿದವರು, ಹೆಂಗಸರು ನಗುತ್ತಾರೆ ಅಂದುಕೊಂಡಿದ್ದರು. ಜಾಹೀರಾತಿನಲ್ಲಿದ್ದ ಬಸುರಿ ನಗುತ್ತಲೇ ಇದ್ದಳು. ಬಾಗಲಕೋಟೆಯ ನವನಗರದಲ್ಲಿ ಶಮನ ಕೇಂದ್ರ ಶುರುವಾದಾಗ ಆಕೆಯ ಚಿತ್ರವನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ಅಂಟಿಸಿದರು. ನಿಜವಾಗಿ ಆದದ್ದೇ ಬೇರೆ. ಹೆಂಗಸರು ಮೊದಲು ಹೇಗೆ ಸುಮ್ಮನಿದ್ದರೋ ಹಾಗೇ ಸುಮ್ಮನಿದ್ದರು. ಆಗ ನೋವಿದ್ದೂ ಸುಮ್ಮನಿದ್ದರು, ಈಗ ನೋವಿಲ್ಲದೆ ಸುಮ್ಮನಿದ್ದರು. ಹೊರಗಿನಿಂದ ನೋಡುವವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಅದು ನಡುವಿಗೆ ಕಟ್ಟಿಕೊಳ್ಳುವ, ಅಂಗೈಯಗಲದ ಪಟ್ಟಿ. ಬಸುರಿಗೆ ನೋವಿನ ಗುಳಿಗೆ ಕೊಡುವುದೆಂದರೆ ವೈದ್ಯರಿಗೆ ಯಾವತ್ತೂ ತಲೆನೋವು, ಯಾಕೆಂದರೆ ತಾಯಿ ನುಂಗಿದ್ದು ಕೂಸಿಗೂ ಹೋಗುತ್ತದೆ. ಈ ಪಟ್ಟಿಯಲ್ಲಿ ಔಷಧಿಯೇ ಇಲ್ಲ. ಗರ್ಭಕೋಶದಿಂದಲೂ ಅದರ ಸುತ್ತಮುತ್ತಲಿಂದಲೂ ಬೆನ್ನುಹುರಿಗೆ ಹೋಗುವ ನರಗಳ ಸುದ್ದಿಯನ್ನು ಅದು ಬೆನ್ನ ಮೇಲೆ ಕುಳಿತು ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡ ಅಲೆಗೆ ಸರಿಯಾಗಿ ತಿರುಗುಮುರುಗಾದ ಇನ್ನೊಂದು ಅಲೆಯನ್ನು ಕಳಿಸುತ್ತದೆ. ಎರಡೂ ಸೇರಿ ಸೊನ್ನೆಯಾಗುತ್ತವೆ, ಮೆದುಳಿಗೆ ಏನೂ ತಲುಪುವುದಿಲ್ಲ.

ಆದರೆ ನೋವು ಬರೀ ನೋವಲ್ಲ, ಅದು ಸುದ್ದಿಯೂ ಹೌದು. ಎಲ್ಲ ಸುದ್ದಿಯನ್ನೂ ತಡೆದರೆ ಹಿತ್ತಲಿಗೆ ಬೆಂಕಿ ಬಿದ್ದದ್ದೂ ಮನೆಯವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಹತ್ತಕ್ಕೆ ಆರರವರೆಗಿನ ನೋವನ್ನು ತಡೆ, ಆರು ದಾಟಿದರೆ ಬಿಟ್ಟುಬಿಡು, ಕೇಂದ್ರಕ್ಕೂ ಗಂಟೆ ಬಾರಿಸು ಎಂದು ಪಟ್ಟಿಗೆ ಕಲಿಸಿದ್ದರು. ಒಬ್ಬಳ ಆರು ಇನ್ನೊಬ್ಬಳ ಆರಲ್ಲ. ಆದ್ದರಿಂದ ಪಟ್ಟಿ ಕಟ್ಟುವ ಮೊದಲು ಅಳತೆ ತೆಗೆಯಬೇಕು. ಕಾಲಿಗೆ ಗಾಳಿಚೀಲ ಸುತ್ತಿ ಬಿಗಿಯುತ್ತಾ ಹೋಗುವುದು, ಎಷ್ಟು ನೋವು ಎಂದು ಕೇಳುವುದು, ಅವಳು ಹೇಳಿದ ಅಂಕಿಯನ್ನು ಪಟ್ಟಿ ನಂಬುವುದು. ಅವಳ ಬಾಯಿಮಾತನ್ನು ಬಿಟ್ಟರೆ ಬೇರೆ ತಕ್ಕಡಿ ಇರಲಿಲ್ಲ.

ಎಡವಟ್ಟಾದದ್ದು ಇಲ್ಲೇ. ಯಂತ್ರ ಮಾಡಿದವರು ಯಾವ ಊರಿನವರೋ, ಕೇಳಿದ ಕೂಡಲೇ ಎಂಟು, ಒಂಬತ್ತು ಎನ್ನುವ ಹೆಂಗಸರನ್ನು ಕಂಡವರಿರಬೇಕು. ಈ ಕಡೆಯ ಹೆಂಗಸರನ್ನು ಕೇಳಿದರೆ, "ಏನ್ ಬಿಡ್ರಿ, ಎರಡು ಇರಬೇಕು" ಎನ್ನುತ್ತಿದ್ದರು. ಒಂದು ಅಂದರೆ ಸೊಕ್ಕು, ಮೂರು ಅಂದರೆ ನಾಟಕ. ಎರಡು ಮರ್ಯಾದಸ್ಥ ಅಂಕಿ. ಕಾಲು ನೀಲಿಗಟ್ಟುತ್ತಿದ್ದರೂ, ಪಕ್ಕದಲ್ಲಿ ಅತ್ತೆ ಕುಳಿತಿದ್ದರೆ, ಎರಡೇ.

ದಾನೇಶ್ವರಿ ಹೂಗಾರಳಿಗೆ ಇದೆಲ್ಲ ಅಂಗೈ ಗೆರೆಯಷ್ಟು ಪರಿಚಿತ. ಕೇಂದ್ರದಲ್ಲಿ ಅಳತೆ ತೆಗೆಯುವ ಕೆಲಸ ಅವಳದೇ, ಜೊತೆಗಾತಿ ಮೆಹರುನ್ನಿಸಾಳದೂ. ದಿನದ ಅರ್ಧ ಅಳತೆ, ಇನ್ನರ್ಧ ಆಲಿಕೆ ಕೋಣೆಯಲ್ಲಿ ಕೆಲಸ. ಅತ್ತೆಯಂದಿರನ್ನು ಚಹಾದ ನೆವ ಹೇಳಿ ಹೊರಗೆ ಕಳಿಸುವ ವಿದ್ಯೆಯನ್ನು ಅವಳು ಕರಗತ ಮಾಡಿಕೊಂಡಿದ್ದಳು. ಕಳಿಸಲಾಗದಿದ್ದರೆ ಬಸುರಿಯ ಮುಖ ನೋಡದೆ ಕಾಲ್ಬೆರಳು ನೋಡುತ್ತಿದ್ದಳು. ಮುಖವನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುತ್ತಾರೆ, ಕಾಲ್ಬೆರಳಿಗೆ ಯಾರೂ ಏನೂ ಕಲಿಸಿರುವುದಿಲ್ಲ. ಬೆರಳು ಮುದುಡಿತೆಂದರೆ ದಾನೇಶ್ವರಿ, "ಇನ್ನೊಮ್ಮೆ ನೋಡೋಣ್ರಿ" ಎನ್ನುತ್ತಿದ್ದಳು.

ಅವಳದೇ ಸರದಿ ಬಂದಾಗ ಏನು ಮಾಡಿದಳು ಎಂಬುದೇ ಈ ಕಥೆ.

ಅವಳು ಬಸುರಿಯಾದದ್ದು ಸುಮ್ಮನೆ ಆದದ್ದಲ್ಲ. ಹೊಟ್ಟೆಗೆ ಚುಚ್ಚುಮದ್ದು, ಅಂಡಾಣು ತೆಗೆಯುವ ಉದ್ದ ಸೂಜಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಭ್ರೂಣವನ್ನು ಒಳಗಿಟ್ಟು ಕಾಯುವುದು, ಕಾದು ಕಳೆದುಕೊಳ್ಳುವುದು. ಮೊದಲ ಸಲ ಹೋದಾಗ ಗೋಡೆಗೆ ಹಣೆ ಹಚ್ಚಿ ಅತ್ತಳು. ಎರಡನೇ ಸಲ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಮೂರನೇ ಸಲ ಅಳುವೇ ಬರಲಿಲ್ಲ. ಡಬ್ಬಿಗೆ ರೊಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಅಂದಿನಿಂದ ಒಳಗೆ ಏನೋ ಜೋಮು ಹಿಡಿದಂತಾಯಿತು. ನಾಲ್ಕನೇ ಸಲ ನಿಂತಿದೆ ಎಂದು ಡಾಕ್ಟರ್ ಇಂದುಮತಿ ದೇಸಾಯಿ ಫೋನು ಮಾಡಿದಾಗ ದಾನೇಶ್ವರಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಹೌದೇನ್ರಿ" ಅಂದಳು. ಉಳಿದ ಬೆಳ್ಳುಳ್ಳಿಯನ್ನೂ ಸುಲಿದು ಮುಗಿಸಿದಳು.

ಅಳತೆಯ ದಿನ ಅತ್ತೆ ಕಾಶವ್ವ ಸೊಸೆಯ ಬೆನ್ನಿಗೇ ಕೋಣೆಯೊಳಗೆ ಬಂದಳು. ಕಾಶವ್ವ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಸೊಸೆಗೆ ಮಕ್ಕಳಾಗದ ವರ್ಷಗಳಲ್ಲಿ ಓಣಿಯ ಬಾಯಿಗಳನ್ನೆಲ್ಲ ಒಬ್ಬಳೇ ಮುಚ್ಚಿಸಿದವಳು. ಮೆಹರುನ್ನಿಸಾ ಪದ್ಧತಿಯಂತೆ ಶುರು ಮಾಡಿದಳು.

"ಅಮ್ಮಾರ, ಹೊರಗ ಚಾ ಬಂದೈತಿ ನೋಡ್ರಿ."

"ಕುಡದಽ ಬಂದೀನವ್ವಾ," ಎಂದು ಕಾಶವ್ವ ಸ್ಟೂಲು ಎಳೆದುಕೊಂಡು ಕುಳಿತಳು.

ಅಳತೆಯ ಹೊತ್ತಿಗೆ ಮನೆಯವರು ಒಳಗಿರಬಾರದು ಎಂದು ನಿಯಮವಿತ್ತು, ಗೋಡೆಯ ಮೇಲೆ ಬರೆದೂ ಇತ್ತು. ಹಿರಿಯರಿಗೆ ಹೊರಗೆ ನಿಲ್ಲಿ ಎನ್ನುವ ಬಾಯಿ ಮಾತ್ರ ಯಾರಿಗೂ ಇರಲಿಲ್ಲ. ಮೆಹರುನ್ನಿಸಾ ಗಾಳಿಚೀಲ ಸುತ್ತಿ ಗುಂಡಿ ಒತ್ತಿದಳು.

"ಎಷ್ಟು, ದಾನಿ?"

"ಒಂದು."

ಚೀಲ ಬಿಗಿಯಿತು. ಮೂಳೆಗೆ ಮೂಳೆ ಒತ್ತಿದಂತಾಯಿತು. ದಾನೇಶ್ವರಿಗೆ ಅಂಡಾಣು ತೆಗೆದ ಸೂಜಿ ನೆನಪಾಯಿತು. ಆಗಲೂ ನರ್ಸು ಕೇಳಿದ್ದಳು, ಆಗಲೂ ಇವಳು ಏನಿಲ್ಲ ಅಂದಿದ್ದಳು.

"ಅಂಜಬ್ಯಾಡ," ಎಂದು ಕಾಶವ್ವ ಸೊಸೆಯ ತಲೆ ಸವರಿದಳು. "ನಾ ನಿನ್ನ ಗಂಡನ್ನ ಹಡಿಯೋ ಮುಂದ ಪಡಸಾಲ್ಯಾಗ ಬೀಗರು ಊಟಕ್ಕ ಕುಂತಿದ್ರು. ಕೂಸು ಅತ್ತ ಮ್ಯಾಲೇ ಅವರಿಗೆ ಗೊತ್ತಾತು. ನಮ್ಮ ಮನ್ಯಾಗ ಇಲ್ಲೀತನಾ ಯಾರೂ ಚೀರಿಲ್ಲ."

ಧೈರ್ಯ ತುಂಬಲೆಂದೇ ಹೇಳಿದ ಮಾತು ಅದು.

"ಈಗ ಎಷ್ಟು?"

"ಎರಡು," ಅಂದಳು ದಾನೇಶ್ವರಿ.

ಕಬ್ಬಿಣದ ಮಂಚದ ಸರಳಿಗೆ ಅವಳ ಕಾಲುಂಗುರ ಉಜ್ಜಿ ಕಿರ್ರೆಂದಿತು. ಮೆಹರುನ್ನಿಸಾ ಕಾಲ ಕಡೆ ನೋಡಿದಳು, ಮುಖದ ಕಡೆ ನೋಡಿದಳು.

"ಖರೇನ ಎರಡು?"

"ಹೂಂ, ಆಪಾ. ಎರಡು."

ಅತ್ತೆಯ ಅಂಜಿಕೆಯಿಂದ ಹೇಳಿದಳು ಎಂದರೆ ಅರ್ಧ ನಿಜ. ಇನ್ನರ್ಧ ನಿಜ ದಾನೇಶ್ವರಿಗೆ ಮಾತ್ರ ಗೊತ್ತಿತ್ತು. ಎಂಟನ್ನು ಎರಡು ಎಂದು ಹೇಳಿದರೆ ಪಟ್ಟಿ ಎಂಟನ್ನೂ ಎರಡೆಂದು ತಿಳಿದು ತಡೆಯುತ್ತದೆ. ಏನನ್ನೂ ಬಿಡುವುದಿಲ್ಲ. ಅವಳಿಗೆ ಬೇಕಾದದ್ದೂ ಅದೇ. ಈ ಬಸಿರೂ ಹೋಗುವುದಿದ್ದರೆ ತನಗೆ ತಿಳಿಯದಂತೆ ಹೋಗಲಿ, ಉಳಿಯುವುದಿದ್ದರೆ ಹುಟ್ಟಿದ ಮೇಲೆ ತಿಳಿದರೆ ಸಾಕು. ಎಷ್ಟೋ ಹೆಂಗಸರ ಸುಳ್ಳನ್ನು ಕಾಲ್ಬೆರಳಲ್ಲಿ ಹಿಡಿದವಳು ತನ್ನ ಸುಳ್ಳನ್ನು ಬೇಕೆಂದೇ ನಡುವಿಗೆ ಕಟ್ಟಿಕೊಂಡು ಮನೆಗೆ ಹೋದಳು. ಆಮೇಲೆ ಊಟದ ಹೊತ್ತಿಗೆ ಮೆಹರುನ್ನಿಸಾ ಒಂದೆರಡು ಸಲ, "ದಾನಿ, ಇನ್ನೊಮ್ಮೆ ಅಳತಿ ತಗೋಳೋಣು ಬಾ" ಎಂದಳು. ನಾಳೆ ನೋಡೋಣ ಆಪಾ ಎನ್ನುತ್ತಲೇ ತಿಂಗಳುಗಳು ಹೋದವು.

ಪಟ್ಟಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಬೆನ್ನುನೋವಿಲ್ಲ, ತೊಡೆಸಂದಿನ ಸೆಳೆತವಿಲ್ಲ. ಇನ್ನೂ ಒಂದು ಇಲ್ಲವಾಯಿತು, ಅದನ್ನು ಯಾರೂ ಎಣಿಸಿರಲಿಲ್ಲ. ಅಷ್ಟು ಬಿಗಿಯಾಗಿ ಬಾಗಿಲು ಮುಚ್ಚಿದ ಮೇಲೆ ಕೂಸಿನ ಒದೆತವೂ ಒಳಗೆ ಬರಲಿಲ್ಲ.

ಗಂಡ ಮಹಾಂತೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಂಜೆ ಬಂದು ಕೈಗೆ ಸೋಪಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದು, ಮೂಸಿ ನೋಡಿ, ಇನ್ನೊಮ್ಮೆ ತೊಳೆದು, ಹೆಂಡತಿಯ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದ. ಇಟ್ಟು ಉಸಿರು ಹಿಡಿದು ಕೂರುತ್ತಿದ್ದ. ಒಮ್ಮೆಲೇ ಅವನ ಹುಬ್ಬು ಮೇಲೇರುತ್ತಿತ್ತು.

"ಒದೀತು! ಗೊತ್ತಾತಿಲ್ಲೋ ನಿನಗ?"

"ಹೂಂ ರೀ. ಒದೀತು."

ಗೊತ್ತಾಗಿರಲಿಲ್ಲ. ತನ್ನ ಹೊಟ್ಟೆಯಲ್ಲಿ ಮಗು ಓಡಾಡುವುದನ್ನು ಅವಳು ಗಂಡನ ಹುಬ್ಬಿನಲ್ಲಿ ನೋಡಿ ತಿಳಿಯುತ್ತಿದ್ದಳು. ಅವನು ಡಿಪೋಗೆ ಹೋದರೆ ಸಂಜೆಯವರೆಗೆ ಮಗುವಿನ ಸುದ್ದಿ ಇಲ್ಲ. ಅದಕ್ಕಾಗಿ ದುಃಖವಾಯಿತೇ ಎಂದರೆ, ಆಗಲಿಲ್ಲ. ದುಃಖವಾಗಬೇಕಿತ್ತು ಎಂದು ಮಾತ್ರ ಅವಳಿಗೆ ತಿಳಿಯುತ್ತಿತ್ತು. ಡಾಕ್ಟರ್ ದೇಸಾಯಿ ತಪಾಸಣೆಗೆ ಹೋದಾಗಲೆಲ್ಲ, "ಕೂಸು ಛಂದ ಓಡಾಡ್ತದನು?" ಎಂದು ಕೇಳುತ್ತಿದ್ದರು. "ಓಡಾಡ್ತೈತ್ರಿ" ಎಂದು ಇವಳು ಹೇಳುತ್ತಿದ್ದಳು. ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತಾದ್ದರಿಂದ ಅವರೂ ಮುಂದೆ ಕೇಳಲಿಲ್ಲ.

ಏಳು ತುಂಬಿದ ಮೇಲೆ ಕುಬಸ, ಅಂದರೆ ಸೀಮಂತ, ಮಾಡಿದರು. ಕಾಶವ್ವ ತಾನೇ ಗುಳೇದಗುಡ್ಡಕ್ಕೆ ಹೋಗಿ ಖಣ ಆರಿಸಿ ತಂದು, ಕುಬಸ ಹೊಲಿಸಿದ್ದಳು. ಮುತ್ತೈದೆಯರು ಬಂದರು, ಮೊಣಕೈವರೆಗೆ ಹಸಿರು ಬಳೆ ಇಟ್ಟರು, ಉಡಿ ತುಂಬಿದರು, ಹಾಡಿದರು. ದಾನೇಶ್ವರಿ ಮಣೆಯ ಮೇಲೆ ಕುಳಿತು ಬೇರೆ ಯಾರದೋ ಕುಬಸಕ್ಕೆ ಬಂದವಳ ಹಾಗೆ ನೋಡಿದಳು. ಏನು ಬಯಕೆ ಎಂದು ಅವರು ಕೇಳಿದಾಗ ಒಳಗೆಲ್ಲ ಹುಡುಕಿದಳು. ಏನೂ ಸಿಗಲಿಲ್ಲ. ಬಸುರಿಯರು ಸಾಮಾನ್ಯವಾಗಿ ಹೇಳುವುದೇ ಇರಲಿ ಎಂದು "ಉಪ್ಪಿನಕಾಯಿ" ಅಂದಳು. ವಾರ ಕಳೆಯುವುದರೊಳಗೆ ಮನೆಯಲ್ಲಿ ಭರಣಿ ಇಡಲು ಜಾಗ ಉಳಿಯಲಿಲ್ಲ.

ಬಂದವರೆಲ್ಲ ಹೋದ ಮೇಲೆ ಕಾಶವ್ವ ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತಾ ಕುಳಿತಳು. ಖುಷಿಯಲ್ಲಿದ್ದಳು, ಮಾತು ತಾನಾಗಿ ಬರುತ್ತಿತ್ತು.

"ನಾ ನಾಕು ಹಡದೆ. ಮೂರು ಉಳದ್ವು. ಮೊದಲನೇದು ಹೋತು."

ಈ ಮನೆಗೆ ಬಂದ ಮೇಲೆ ದಾನೇಶ್ವರಿ ಈ ಮಾತನ್ನು ಕೇಳಿದ್ದು ಅದೇ ಮೊದಲು. "ಹ್ಯಾಂಗ ಹೋತ್ರೀ ಅತ್ತಿ?"

"ಹೋತವ್ವಾ. ಹೋಗೋದಿತ್ತು, ಹೋತು," ಎಂದು ಕಾಶವ್ವ ಬಾಚಣಿಗೆ ಎತ್ತಿಕೊಂಡಳು. ಅವಳ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ದಾನೇಶ್ವರಿಯೂ ಮತ್ತೆ ಕೇಳಲಿಲ್ಲ.

ಆಲಿಕೆ ಕೋಣೆಯ ವಿಷಯ ಈಗ ಹೇಳಬೇಕು. ಜಿಲ್ಲೆಯ ಪಟ್ಟಿಗಳೆಲ್ಲ ತಾವು ತಡೆದ ನೋವಿನ ಲೆಕ್ಕವನ್ನು ಈ ಕೋಣೆಗೆ ಕಳಿಸುತ್ತವೆ. ಆರು ದಾಟಿದರೆ ಯಂತ್ರವೇ ಗಂಟೆ ಬಾರಿಸುತ್ತದೆ. ಆರರ ಕೆಳಗಿನದಕ್ಕೆ ಯಂತ್ರ ಕ್ಯಾರೇ ಅನ್ನುವುದಿಲ್ಲ. ಅದನ್ನು ಹೆಂಗಸರು ಕೈಯಿಂದ ಕೇಳುತ್ತಾರೆ. ಪ್ರತಿಯೊಬ್ಬಳ ಮುಂದೂ ಒಂದು ಪುಟ್ಟ ಚರ್ಮದ ಮೆತ್ತೆ. ಅದರ ಮೇಲೆ ಎಡಗೈ ಊರಿ ಕೂತರೆ ಒಬ್ಬೊಬ್ಬ ಬಸುರಿಯ ಪಟ್ಟಿ ಸ್ವಲ್ಪ ಸ್ವಲ್ಪ ಹೊತ್ತು ಅಂಗೈಗೆ ಬಂದು ಹೋಗುತ್ತದೆ. ನೋವಾಗಿ ಬರುವುದಿಲ್ಲ, ಮೆಲ್ಲಗೆ ಒತ್ತಿದಂತೆ ಬರುತ್ತದೆ. ಐದು ಎಂದರೆ ಬೆರಳಿನಿಂದ ಒತ್ತಿದ ಹಾಗೆ, ಎರಡು ಎಂದರೆ ಇರುವೆ ನಡೆದ ಹಾಗೆ. ಯಾರ ಹೆಸರೂ ಪರದೆಯ ಮೇಲೆ ಬರುವುದಿಲ್ಲ. ಒಬ್ಬಳ ಒಳಗುಟ್ಟು ಇನ್ನೊಬ್ಬಳಿಗೆ ಸುಮ್ಮನೆ ತಿಳಿಯಬಾರದು ಎಂದು ಮಾಡಿದ ಏರ್ಪಾಡು ಅದು. ಅನುಮಾನ ಬಂದರೆ ಮಾತ್ರ ಗುಂಡಿ ಒತ್ತಿ ಹೆಸರು ತೆರೆಯಬೇಕು. ತಮ್ಮ ತಮ್ಮ ಪಟ್ಟಿ ತಮ್ಮ ಮೆತ್ತೆಗೆ ಬಾರದಂತೆ ಕೆಲಸದವರನ್ನು ಬೇರೆ ಬೇರೆ ಸಾಲಿಗೆ ಹಾಕಿದ್ದರು.

ಕುಬಸವಾಗಿ ಹತ್ತು ದಿನಕ್ಕೆ, ಒಂದು ಮಧ್ಯಾಹ್ನ, ಕೆಲಸದವರಲ್ಲಿ ಒಬ್ಬಳು ತಂಗಿಯ ಮದುವೆಗೆಂದು ರಜೆ ಹಾಕಿದ್ದಳು. ಅವಳ ಸಾಲನ್ನು ಯಂತ್ರ ಉಳಿದವರಿಗೆ ಹಂಚಿತು. ಹಂಚುವಾಗ ಯಾರ ಪಟ್ಟಿ ಯಾರ ಕೈಗೆ ಎಂದು ನೋಡುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ದಾನೇಶ್ವರಿ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಊರಿ ಕುಳಿತಿದ್ದಳು. ಯಾರದೋ ಬೆನ್ನು ಹಿಡಿದದ್ದು ಬಂದು ಹೋಯಿತು. ಯಾರದೋ ತೊಡೆಸಂದಿನ ಸೆಳೆತ ಬಂದು ಹೋಯಿತು. ಆಮೇಲೆ ಒಂದು ಇರುವೆ ನಡೆದು ಬಂತು. ಎರಡು. ಎರಡೆಂದರೆ ಏನೂ ಅಲ್ಲ, ಮುಂದಿನದಕ್ಕೆ ಹೋಗಬಹುದು. ಅವಳು ಹೋಗಲಿಲ್ಲ. ಇರುವೆ ನಿಂತಿತು, ಮತ್ತೆ ಬಂತು. ನಿಂತಿತು, ಮತ್ತೆ ಬಂತು. ನಡುವಿನ ಬಿಡುವು ಚಿಕ್ಕದಾಗುತ್ತಾ ಹೋಯಿತು. ಬಿಡುವಿನಲ್ಲೂ ಅದು ಪೂರ್ತಿ ನಿಲ್ಲುತ್ತಿರಲಿಲ್ಲ, ಕೆಳಗೆ ಸಣ್ಣಗೆ ಹರಿಯುತ್ತಲೇ ಇತ್ತು. ಅಂಕಿಯಲ್ಲಿ ಸುಳ್ಳು ಹೇಳಬಹುದು, ತಾಳದಲ್ಲಿ ಹೇಳಲಾಗುವುದಿಲ್ಲ.

"ಆಪಾ, ಈಕಿ ಸುಳ್ಳು ಹೇಳ್ಯಾಳ," ಎಂದಳು ದಾನೇಶ್ವರಿ, ಕೈ ಎತ್ತದೆ.

ಪಕ್ಕದ ಕುರ್ಚಿಯಿಂದ ಮೆಹರುನ್ನಿಸಾ ತಿರುಗಿದಳು. "ಯಾಕ?"

"ಎರಡು ಅಂತ ಬರಾಕತ್ತೈತಿ. ಎರಡಲ್ಲ ಇದು. ಎಂಟಿರಬೇಕು. ನೋವು ಎದ್ದಾವ ಈಕಿಗೆ, ಹೊಟ್ಟಿ ಬಿಗಿದು ಬಿಡವಲ್ದು. ಅಳತಿ ಮುಂದ ಅತ್ತಿ ಬಾಜೂಕ ಕುಂತಿರಬೇಕು ನೋಡ್ರಿ. ಖಬರಿಲ್ದಽ ಎಲ್ಲೋ ರೊಟ್ಟಿ ಬಡಕೋತ ಕುಂತಿರ್ತಾಳ."

ಬೈಗುಳದ ದನಿಯಲ್ಲೇ ಹೇಳಿದಳು. ಬಹಳ ದಿನಗಳ ಮೇಲೆ ಅವಳಿಗೆ ಸಿಟ್ಟು ಬಂದಿತ್ತು.

"ಗಾಡಿ ಕಳಸೂಣು. ಯಾರಕಿ, ಹೆಸರು ತೆಗಿ."

ದಾನೇಶ್ವರಿ ಬಲಗೈಯಿಂದ ಗುಂಡಿ ಒತ್ತಿದಳು. ಪರದೆಯ ಮೇಲೆ ಹೆಸರು ಬಂತು. ದಾನೇಶ್ವರಿ ಮಹಾಂತೇಶ ಹೂಗಾರ, ನವನಗರ.

ಅವಳು ಅದನ್ನು ಓದಿದಳು. ಯಾರೋ ತನ್ನ ಹೆಸರಿನವಳೇ ಇನ್ನೊಬ್ಬಳಿದ್ದಾಳೆ ಎನ್ನಿಸಿತು. ಎಡ ಅಂಗೈಯಲ್ಲಿ ಇರುವೆ ನಡೆಯುತ್ತಲೇ ಇತ್ತು. ಬಲಗೈಯನ್ನು ನಿಧಾನವಾಗಿ ತನ್ನ ಹೊಟ್ಟೆಯ ಮೇಲಿಟ್ಟಳು. ಹೊಟ್ಟೆ ಬೀಸುಕಲ್ಲಿನಂತೆ ಗಟ್ಟಿಯಾಗಿತ್ತು. ಆ ಗಟ್ಟಿತನ ಕೈಗೆ ತಿಳಿಯಿತು, ಹೊಟ್ಟೆಗೆ ತಿಳಿಯಲಿಲ್ಲ.

"ನಂದು ಇದು," ಎಂದಳು. ದನಿಯಲ್ಲಿ ಏರಿಳಿತವೇ ಇರಲಿಲ್ಲ. ಕುರ್ಚಿಯಿಂದ ಎದ್ದಾಗ ಸೀರೆ ಹಿಂದೆ ಒದ್ದೆಯಾಗಿತ್ತು. ಕಪ್ಪಗೆ ಕೆಂಪು.

ಮೆಹರುನ್ನಿಸಾ ಅವಳನ್ನು ಹೆಗಲಿಗೆ ಆನಿಸಿಕೊಂಡು ಮೊಗಸಾಲೆ ದಾಟಿಸಿದಳು. ಹೆರಿಗೆ ಕೋಣೆ ಅದೇ ಕಟ್ಟಡದಲ್ಲಿತ್ತು. ದಾರಿಯುದ್ದಕ್ಕೂ ಮೆಹರುನ್ನಿಸಾ, "ನನಗ ಗೊತ್ತಿತ್ತು ದಾನಿ, ನಿನ್ನ ಕಾಲುಂಗುರ ಕೇಳಿದ್ದೆ ನಾ, ನನಗ ಗೊತ್ತಿತ್ತು" ಎಂದು ಒಂದೇ ಸಮನೆ ಅಳುತ್ತಿದ್ದಳು. ಅಳುವವಳ ಭುಜ ತಟ್ಟಿ ಸಮಾಧಾನ ಮಾಡಿದ್ದು ದಾನೇಶ್ವರಿಯೇ.

ಡಾಕ್ಟರ್ ದೇಸಾಯಿ ನೋಡಿದವರೇ ಹೇಳಿದರು. ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳುತ್ತಿದೆ. ಕೂಸಿಗೆ ರಕ್ತ ಹೋಗುವುದು ಕಡಿಮೆಯಾಗಿದೆ. ಕೊಯ್ದು ತೆಗೆಯಬೇಕು, ಈಗಲೇ. ಬೆನ್ನಿಗೆ ಅರಿವಳಿಕೆ ಸೂಜಿ ಕೊಡಬೇಕೆಂದರೆ ಮೊದಲು ಪಟ್ಟಿ ಬಿಚ್ಚಬೇಕು. ಅದರ ಅಲೆ ನರಗಳಿಂದ ಪೂರ್ತಿ ಇಳಿಯುವವರೆಗೆ ಸೂಜಿ ಹಿಡಿಯುವುದಿಲ್ಲ.

"ಸ್ವಲ್ಪ ಹೊತ್ತು ಎಲ್ಲಾ ಹಾಂಗೇ ಬರ್ತದ, ದಾನೇಶ್ವರಿ. ತಡಕೋಬೇಕಾಗ್ತದ."

"ಬಿಚ್ರಿ," ಎಂದಳು.

ಕಾಶವ್ವ ಆ ಹೊತ್ತಿಗೆ ಬಂದಿದ್ದಳು. ಮಹಾಂತೇಶ ಡಿಪೋದಿಂದ ಮನೆಗೆ, ಮನೆಯಿಂದ ಅವ್ವನನ್ನು ಕೂರಿಸಿಕೊಂಡು ಇಲ್ಲಿಗೆ ಬೈಕು ಓಡಿಸಿಕೊಂಡು ಬಂದು, ಎಣ್ಣೆಗೈಯಲ್ಲೇ ಬಾಗಿಲ ಹೊರಗೆ ನಿಂತಿದ್ದ. ಕಾಶವ್ವ ಮಾತ್ರ ಬಾಗಿಲ ಪರದೆ ಹಿಡಿದುಕೊಂಡು ಒಳಗೆ ನೋಡುತ್ತಿದ್ದಳು.

ಪಟ್ಟಿ ಬಿಚ್ಚಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಅದು ದೂರದಿಂದ ಬಂತು, ಯಾರಿಗೋ ಬರುತ್ತಿದೆ ಎನ್ನುವಂತೆ ಬಂತು, ಬಂದು ಇವಳದೇ ಆಯಿತು. ಸೊಂಟ ಎರಡು ಹೋಳಾದಂತಾಯಿತು. ದಾನೇಶ್ವರಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಎಷ್ಟದ, ಹೇಳು," ಎಂದರು ಡಾಕ್ಟರು. "ಎಲ್ಲೆ ಅದ? ಬಿಟ್ಟು ಬಿಟ್ಟು ಬರ್ತದೋ, ಹಿಡದಽ ಅದನೋ? ನೀ ಹೇಳಿದ್ರಽ ನನಗ ತಿಳಿಯೋದು."

ನಂಬಿದರೆ ನಂಬಿ, ಅಷ್ಟಾದರೂ ಅವಳ ನಾಲಿಗೆಯ ತುದಿಗೆ ಬಂದದ್ದು ಎರಡು ಎಂಬ ಮಾತೇ. ಬಾಯಿ ತೆರೆದಳು. ಅಷ್ಟರಲ್ಲಿ ಆ ನೋವಿನ ನಡುವೆ ಇನ್ನೊಂದು ಬಂತು. ಪಕ್ಕೆಲುಬಿನ ಕೆಳಗೆ, ಬಲಗಡೆ, ಚಿಕ್ಕದಾಗಿ, ಒಳಗಿನಿಂದ ಯಾರೋ ಹಿಮ್ಮಡಿಯಿಂದ ತಳ್ಳಿದ ಹಾಗೆ. ಅದು ನೋವಾಗಿರಲಿಲ್ಲ. ಅದು ಏನೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಇಷ್ಟು ತಿಂಗಳು ಗಂಡನ ಹುಬ್ಬಿನಲ್ಲಿ ಓದಿದ್ದು ಇದನ್ನೇ.

ಒಳಗೊಬ್ಬರಿದ್ದಾರೆ. ಅವರಿಗೆ ಉಸಿರು ಸಾಲುತ್ತಿಲ್ಲ.

"ಯವ್ವಾ!" ಎಂದು ದಾನೇಶ್ವರಿ ಚೀರಿದಳು. ಆ ಚೀರುವಿಕೆಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದವರು ಎದ್ದು ನಿಂತರು. "ಹತ್ತು! ಹತ್ರೀ ಡಾಕ್ಟರ್! ಹಿಡದಽ ಐತ್ರಿ, ಬಿಡವಲ್ದು! ಒದೀತ್ರೀ, ಒದೀತು ಈಗ, ನನಗ ಗೊತ್ತಾತು, ತಗೀರಿ, ಲಗೂನ ತಗೀರಿ!"

ಮೂರು ಸಲದ ಅಳುವೂ ಅದರ ಜೊತೆಗೇ ಬಂತು. ಗೋಡೆಗೆ ಹಣೆ ಹಚ್ಚಿ ಅತ್ತದ್ದು, ನೀರು ಬಿಟ್ಟುಕೊಂಡು ಅತ್ತದ್ದು, ಅಳದೇ ಡಬ್ಬಿ ಕಟ್ಟಿಕೊಂಡು ಹೋದದ್ದು. ಆಮೇಲೆ ಬೆನ್ನಿಗೆ ಸೂಜಿ ಹಿಡಿಯಿತು, ಸೊಂಟದ ಕೆಳಗೆ ಮರಗಟ್ಟಿತು. ಎದೆಯ ಭಾಗ ಮಾತ್ರ ಎಚ್ಚರವಾಗಿಯೇ ಇತ್ತು. ಪರದೆಯ ಆಚೆ ಕತ್ತರಿಗಳ ಸದ್ದು, ಡಾಕ್ಟರ ಚುಟುಕು ಮಾತು. ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಬೆಕ್ಕಿನ ಮರಿ ಮಿಯಾಂ ಅಂದಷ್ಟು ಸಣ್ಣ ದನಿ.

ಹೆಣ್ಣುಮಗು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮಹಾಂತೇಶನ ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಈಗಲೇ ಏನೂ ಹೇಳಲಾಗುವುದಿಲ್ಲ, ಆದರೆ ಗಟ್ಟಿಯಿದೆ ಎಂದರು ಡಾಕ್ಟರ್ ದೇಸಾಯಿ. ಅವರು ಹೊರಡುವ ಮುನ್ನ ಬಾಗಿಲಲ್ಲಿ ನಿಂತು, "ಓಡಾಡ್ತದನು ಅಂತ ಬರೇ ಕೇಳಿ ಬಿಟ್ಟೆ ನಾನು. ಕೈ ಇಟ್ಟು ನೋಡ್ಬೇಕಿತ್ತು" ಎಂದರು. ಯಾಕೆ ಸುಳ್ಳು ಹೇಳಿದೆ ಎಂದು ಮಹಾಂತೇಶ ಹೆಂಡತಿಯನ್ನು ಕೇಳಲಿಲ್ಲ. ಗಾಜಿನಾಚೆಯಿಂದ ಬಂದು ಮಗಳು ಕಾಲು ಝಾಡಿಸಿದ್ದನ್ನು ಮಾಡಿ ತೋರಿಸಿದ, ಅವನ ಹುಬ್ಬು ಮೇಲೇರಿತು.

ಮರುದಿನ ಹೊಲಿಗೆಯ ನೋವು ಶುರುವಾಯಿತು. ಮಗುವಿಗೆ ಎದೆಹಾಲು ಹಿಂಡಿ ಕೊಡುತ್ತಿದ್ದರಿಂದ ಗುಳಿಗೆಗಿಂತ ಪಟ್ಟಿಯೇ ವಾಸಿ ಎಂದು ತೀರ್ಮಾನವಾಯಿತು. ಹೊಸ ಅಳತೆ ತೆಗೆಯಬೇಕು. ಮೆಹರುನ್ನಿಸಾ ಗಾಳಿಚೀಲ ಹಿಡಿದುಕೊಂಡು ವಾರ್ಡಿಗೆ ಬಂದಳು. ಮಂಚದ ಪಕ್ಕ ಕಾಶವ್ವ ಸ್ಟೂಲಿನ ಮೇಲೆ ಕುಳಿತಿದ್ದಳು. ಹಿಂದಿನ ದಿನದಿಂದ ಅವಳು ಹೆಚ್ಚು ಮಾತಾಡಿರಲಿಲ್ಲ. ಸೊಸೆ ಊರೆಲ್ಲ ಕೇಳುವಂತೆ ಚೀರಿದ್ದಕ್ಕೆ ಮುನಿಸು ಎಂದು ಮೆಹರುನ್ನಿಸಾ ತಿಳಿದಿದ್ದಳು. ಈ ಸಲ ಮಾತ್ರ ಗಟ್ಟಿ ಮನಸ್ಸು ಮಾಡಿ ಬಂದಿದ್ದಳು.

"ಅಮ್ಮಾರ, ನೀವು ಹೊರಗ ಹೋಗಬೇಕ್ರಿ."

"ಇರಲಿ ಬಿಡ್ರಿ ಆಪಾ," ಎಂದಳು ದಾನೇಶ್ವರಿ. "ಅತ್ತಿ ಇಲ್ಲೇ ಇರಲಿ."

ಚೀಲ ಬಿಗಿಯಿತು. "ಎಷ್ಟು?"

"ಮೂರು."

ಇನ್ನೂ ಬಿಗಿಯಿತು.

"ಐದು. ಈಗ ಆರು. ಯವ್ವಾ, ಸಾಕ್ರಿ ಆಪಾ, ಎಂಟು, ಎಂಟು!"

ಮೆಹರುನ್ನಿಸಾ ನಗುತ್ತಾ ಗಾಳಿ ಬಿಟ್ಟಳು. ಚೀಲ ಬಿಚ್ಚಿ ಮಡಚುತ್ತಿದ್ದಾಗ ಕಾಶವ್ವ ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ ಕಾಲು ಮುಂದೆ ಚಾಚಿದಳು.

"ನನಗೂ ಕಟ್ಟವ್ವಾ ಅದನ್ನ."

ಹುಡುಗಾಟಕ್ಕೆ ಎಂದುಕೊಂಡು ಮೆಹರುನ್ನಿಸಾ ಕಟ್ಟಿದಳು. ಗುಂಡಿ ಒತ್ತಲು ಹೋದರೆ ಕಾಶವ್ವ ಅವಳ ಕೈ ಹಿಡಿದಳು.

"ಒತ್ತಬ್ಯಾಡ. ಸುಮ್ಮನ ಕೇಳು, ನಾ ಹೇಳ್ತೀನಿ. ಈಗಿಂದಲ್ಲ. ಮೊದಲನೇದರದು."

ಮೆಹರುನ್ನಿಸಾ ಮಂಚದ ಅಂಚಿಗೆ ಕುಳಿತಳು.

"ನಾದಿನಿ ನೋಡಾಕ ಗಂಡಿನ ಕಡಿಯವರು ಬಂದಿದ್ರು. ಪಡಸಾಲಿ ತುಂಬ ಗಂಡಸರು. ಜ್ವಾಳ ತುಂಬೋ ಹಗೇದ ಖೋಲ್ಯಾಗ ಕಂಬ ಹಿಡಕೊಂಡು ನಿಂತಿದ್ದೆ ನಾ. ಬಂದವರು ಉಂಡು, ಎಲಿ ಅಡಿಕಿ ಹಾಕ್ಕೊಂಡು, ಮಾತು ಮುಗಿಸಿ ಎದ್ದು ಹೋಗೂತನಾ ನಿಂತಿದ್ದೆ. ಆಮ್ಯಾಲೆ ಸೂಲಗಿತ್ತೀನ್ನ ಕರದ್ರು. ಆಕಿ ಕೈ ಹಾಕಿದಾಗ ತಣ್ಣಗಾಗಿತ್ತು." ಕಾಶವ್ವ ಸೊಸೆಯ ಕಡೆ ನೋಡಲಿಲ್ಲ, ಚೀಲ ಸುತ್ತಿದ ತನ್ನ ಕಾಲನ್ನೇ ನೋಡುತ್ತಿದ್ದಳು. "ಭಾಳ ಗಟ್ಟಿ ಹೆಣಮಗಳು ಅಂತ ಎಲ್ಲಾರೂ ಹೊಗಳಿದ್ರು. ನಾನೂ ಅದನ್ನಽ ಹೇಳ್ಕೋತ ಬಂದೆ. ಎಷ್ಟು ನೋವಿತ್ತು ಅಂತ ಒಬ್ಬರೂ ಕೇಳಲಿಲ್ಲ."

ದಾನೇಶ್ವರಿ ಮಂಚದಿಂದ ಕೈ ಚಾಚಿ ಅತ್ತೆಯ ಕೈ ಹಿಡಿದಳು. ಅವಳಿಗೆ ಹೊಲಿಗೆ ಎಳೆಯಿತು, ಆದರೂ ಬಿಡಲಿಲ್ಲ.

ಮೆಹರುನ್ನಿಸಾ, ಬಂದ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು. "ಎಷ್ಟಿತ್ರೀ ಅಮ್ಮಾರ?"

ಕಾಶವ್ವ ಚೀಲದ ಮೇಲೆ ಅಂಗೈ ಸವರಿದಳು.

"ಹತ್ತರ ಮುಂದ ಏನೈತವ್ವಾ ನಿಮ್ಮ ಮಶೀನಿನ್ಯಾಗ?"

"ಹತ್ತರ ಮುಂದ ಇಲ್ರಿ."

"ಹಂಗಾರ ಹತ್ತಽ ಬರಕೋ," ಎಂದು ಕಾಶವ್ವ ಸೀರೆಯ ನೆರಿಗೆಯನ್ನು ಕಾಲ ಮೇಲೆ ಎಳೆದುಕೊಂಡಳು. ಮೆಹರುನ್ನಿಸಾ ಬರೆದುಕೊಂಡಳು.